ಕೊಟ್ಟಿಗೆ ಮೇಲೆ ಬಿಸಿಲು, ಹಳ್ಳದಲ್ಲಿ ಕರೆಂಟು

2024ರ ನವೆಂಬರ್ ಬಿಲ್ಲಿನಲ್ಲಿ ನಮ್ಮ ಮನೆಯ ಬಳಕೆ 203 ಯೂನಿಟ್ ಅಂತ ಬಂತು. ಗೃಹಜ್ಯೋತಿ ಇರುವವರಿಗೆ ಆ ಮೂರು ಯೂನಿಟ್ಟಿನ ಬೆಲೆ ಗೊತ್ತಿರುತ್ತದೆ. 200ರ ಒಳಗಿದ್ದರೆ ನಿಮ್ಮ ಪಾಲಿನ ಉಚಿತ ಯೂನಿಟ್ ಕಳೆದು ಉಳಿದದ್ದಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್. ನಮ್ಮ ಪಾಲು ಬರೀ 42 ಯೂನಿಟ್. ಅದನ್ನು ಲೆಕ್ಕ ಹಾಕಿದ್ದು 2022-23ರ ಸರಾಸರಿಗೆ ಹತ್ತು ಯೂನಿಟ್ ಸೇರಿಸಿ. ಆ ವರ್ಷ ಮನೆಯಲ್ಲಿದ್ದವರು ಅಪ್ಪಯ್ಯ, ಅಮ್ಮ ಇಬ್ಬರೇ. ಎಂಟು ಗಂಟೆಗೆಲ್ಲ ದೀಪ ಆರಿಸಿ ಮಲಗುವವರು. ನಾವು ಬೆಂಗಳೂರು ಬಿಟ್ಟು ಊರಿಗೆ ಬಂದದ್ದು 2023ರ ಮಳೆಗಾಲದಲ್ಲಿ, ಎರಡು ಲ್ಯಾಪ್‌ಟಾಪ್, ದೊಡ್ಡ ಫ್ರಿಜ್, ವಾಷಿಂಗ್ ಮೆಷಿನ್ ಸಮೇತ.

ಮೂರು ಯೂನಿಟ್ಟಿಗೆ ಹತ್ತಿರ ಹತ್ತಿರ ನಾನೂರು ರೂಪಾಯಿ ಜಾಸ್ತಿ ಹೋಯಿತು. ರೀಡಿಂಗ್‌ಗೆ ಬರುವ ಹಿಂದಿನ ದಿನ ಅಮ್ಮ ದೋಸೆಗೆ ರುಬ್ಬಿದ್ದಳು. ಅದೇ ಕಾರಣ ಅಂತ ಅಪ್ಪಯ್ಯ, ಅಲ್ಲ ನಿಮ್ಮ ಟಿವಿ ವಾರ್ತೆ ಅಂತ ಅಮ್ಮ. ಆ ರಾತ್ರಿಯೇ ನಾನು ಸೋಲಾರ್ ಹಾಕಿಸುವ ಮಾತು ತೆಗೆದದ್ದು.

ನಮ್ಮದು ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆ. ಒಂಟಿ ಮನೆ, ಸುತ್ತ ಅಡಿಕೆ ತೋಟ, ಮೇಲೆ ಬೆಟ್ಟ. ಲಿಂಗನಮಕ್ಕಿ ಅಣೆಕಟ್ಟು ಇರುವುದೂ ಇದೇ ತಾಲ್ಲೂಕಿನಲ್ಲಿ, 1964ರಿಂದ. ಅದರ ನೀರಿನಿಂದ ಶರಾವತಿ ವಿದ್ಯುದಾಗಾರದಲ್ಲಿ 1,035 ಮೆಗಾವ್ಯಾಟ್ ತಯಾರಿಸಬಹುದು. ನಮ್ಮ ಮನೆಗೆ ಬರುವ ಲೈನು ಮಾತ್ರ ಒಂದು ಕಿಲೋಮೀಟರ್ ಕಾಡಿನೊಳಗೆ ಹಾದು ಬರುತ್ತದೆ. ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ. ಯಾರ ತಪ್ಪೂ ಅಲ್ಲ, ಮರಗಳಿವೆ, ಬೀಳುತ್ತವೆ.

ಇಲ್ಲಿ ನನ್ನ ತಲೆಯೊಳಗೇ ಒಂದು ಗೊಂದಲ ಇತ್ತು. ನನಗೆ ಬೇಕಾಗಿದ್ದು ಕಡಿಮೆ ಬಿಲ್ಲೋ, ಮಳೆಗಾಲದಲ್ಲಿ ಕರೆಂಟೋ? ಎರಡೂ ಒಂದೇ ಅಂದುಕೊಂಡಿದ್ದೆ. ಹಾಗಂದುಕೊಂಡದ್ದಕ್ಕೆ ಒಂದು ಲಕ್ಷ ಚಿಲ್ಲರೆ ಬೇರೆಯಾಗಿ ತೆರಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಮನೆ ಮಾಡಿನ ಸೋಲಾರ್‌ಗೆ ಕೇಂದ್ರ ಸರ್ಕಾರ ಸಬ್ಸಿಡಿ ಕೊಡುವ ಪಿಎಂ ಸೂರ್ಯಘರ್ ಯೋಜನೆಯ ವಿಷಯ ಎಲ್ಲರಿಗೂ ಗೊತ್ತಿದೆ. 2024ರ ಫೆಬ್ರವರಿಯಲ್ಲಿ ಶುರುವಾದದ್ದು. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. ಅದರ ಮೇಲೆ ಎಷ್ಟು ಹಾಕಿಸಿದರೂ ಸಬ್ಸಿಡಿ ಅಷ್ಟೇ. ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಕೂತೆ. ಮೊದಲ ಪುಟದಲ್ಲೇ ಆರ್.ಆರ್. ನಂಬರ್, ಅಂದರೆ ಬಿಲ್ಲಿನ ಮೇಲಿರುವ ಸಂಪರ್ಕದ ಸಂಖ್ಯೆ, ಕೇಳಿತು. ಹಾಕಿದೆ. ಅಜ್ಜನ ಹೆಸರು ಬಂತು.

ಅಜ್ಜ ತೀರಿಕೊಂಡು ಹದಿನಾರು ವರ್ಷ. ಅಷ್ಟು ವರ್ಷವೂ ಬಿಲ್ ಅವನ ಹೆಸರಿಗೇ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು, ಯಾರಿಗೂ ತೊಂದರೆ ಇರಲಿಲ್ಲ. ಆದರೆ ಸಬ್ಸಿಡಿ ಬರುವುದು ಮೀಟರ್ ಯಾರ ಹೆಸರಿನಲ್ಲಿದೆಯೋ ಅವರ ಬ್ಯಾಂಕ್ ಖಾತೆಗೆ. ಹಾಗಾಗಿ ಮೊದಲು ಅಪ್ಪಯ್ಯನ ಹೆಸರಿಗೆ ಮಾಡಿಸಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ, ಇಬ್ಬರು ಅತ್ತೆಯರ ಮತ್ತು ಚಿಕ್ಕಪ್ಪನ ಒಪ್ಪಿಗೆ ಪತ್ರ. ದೊಡ್ಡತ್ತೆ ಸಿದ್ದಾಪುರದಿಂದ ಬಂದವಳು ಸಹಿ ಹಾಕುವ ಮುಂಚೆ, "ಇದು ಮೀಟರಿಗೆ ಮಾತ್ರ ತಾನೆ? ತೋಟದ ಪತ್ರ ಅಲ್ವಲ್ಲ?" ಅಂತ ಎರಡು ಸಲ ಕೇಳಿದಳು. ತಮಾಷೆಗೆ ಕೇಳಿದ್ದು ಅಂತ ಎಲ್ಲರೂ ನಕ್ಕೆವು. ಪೂರ್ತಿ ತಮಾಷೆ ಅಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಈ ಓಡಾಟಕ್ಕೆಲ್ಲ ಆರೂವರೆ ಸಾವಿರ ಖರ್ಚು, ಒಂದೂವರೆ ತಿಂಗಳು. ನೀವು ಸೋಲಾರ್ ಹಾಕಿಸುವವರಾದರೆ ಇವತ್ತೇ ಬಿಲ್ ತೆಗೆದು ಹೆಸರು ನೋಡಿ.

ಇನ್ನೊಂದು ವಿಷಯ ಯಾರೂ ಮೊದಲು ಹೇಳುವುದಿಲ್ಲ. ನಮ್ಮ ಮೀಟರಿಗೆ ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಎಳೆಯಬಹುದಾದ ಕರೆಂಟ್, ಅಜ್ಜನ ಕಾಲದ ಒಂದು ಕಿಲೋವ್ಯಾಟ್. ಮೂರು ಕಿಲೋವ್ಯಾಟ್ ಸೋಲಾರ್ ಕೂರಿಸಬೇಕಾದರೆ ಲೋಡೂ ಮೂರಕ್ಕೆ ಏರುತ್ತದೆ. 2025-26ರಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ಇತ್ತು. ಅಂದರೆ ಹಳೆಯ ಲೋಡೇ ಇದ್ದಿದ್ದರೆ 145 ಕಟ್ಟಬೇಕಿದ್ದಲ್ಲಿ ಆ ವರ್ಷ 435. ಸೂರ್ಯ ಎಷ್ಟೇ ಉರಿದರೂ ಈ ನಿಗದಿತ ಶುಲ್ಕ ಬಿಲ್ಲಿನ ಮೇಲೆ ಇದ್ದೇ ಇರುತ್ತದೆ. "ಬಿಲ್ ಸೊನ್ನೆ" ಅನ್ನುವ ಜಾಹೀರಾತು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಮೂರು ಕಡೆಯಿಂದ ಕೊಟೇಶನ್ ತರಿಸಿದೆ. 1,75,000, 2,12,000, 2,40,000. ಮೊದಲನೆಯವರ ಪ್ಯಾನೆಲ್ ಡಿಸಿಆರ್ ಅಲ್ಲ. ಡಿಸಿಆರ್ ಅಂದರೆ ಒಳಗಿನ ಸೆಲ್ ಕೂಡ ನಮ್ಮ ದೇಶದಲ್ಲೇ ತಯಾರಾದದ್ದು. ಸಬ್ಸಿಡಿ ಸಿಗುವುದು ಅದಕ್ಕೆ ಮಾತ್ರ, ಬೆಲೆಯೂ ಜಾಸ್ತಿ. "ಅದೆಲ್ಲ ನಾವು ನೋಡ್ಕೊಳ್ತೀವಿ ಸರ್" ಅಂದರು. ಹೇಗೆ ನೋಡಿಕೊಳ್ಳುತ್ತೀರಿ ಅಂತ ಕೇಳಿದ ಮೇಲೆ ಅವರ ಫೋನ್ ಬರಲಿಲ್ಲ. ಎರಡನೆಯವರನ್ನು ಹಿಡಿದೆ. 540 ವ್ಯಾಟಿನ ಆರು ಪ್ಯಾನೆಲ್, ಒಟ್ಟು 3.24 ಕಿಲೋವ್ಯಾಟ್, "ಹೈಬ್ರಿಡ್ ರೆಡಿ" ಇನ್ವರ್ಟರ್. ಆ ಎರಡು ಪದಗಳನ್ನು ನೆನಪಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ಅಡಮಾನವಿಲ್ಲದೆ ಸಾಲ ಸಿಗುತ್ತಿತ್ತು. ಅಪ್ಪಯ್ಯ ಬೇಡ ಅಂದ. ಅಡಿಕೆ ಕೊಟ್ಟ ದುಡ್ಡು ಆಗಷ್ಟೇ ಬಂದಿತ್ತು.

ಎಲ್ಲಿ ಕೂರಿಸುವುದು ಅನ್ನುವುದು ದೊಡ್ಡ ಪ್ರಶ್ನೆಯಾಯಿತು. ಮನೆ ಹಂಚಿನದು. ಹಂಚಿನ ಮೇಲೆ ಒಬ್ಬ ಆಳು ಹತ್ತಿದರೆ ಹತ್ತು ಹಂಚು ಒಡೆಯುತ್ತದೆ, ಇನ್ನು ಮೂವತ್ತು ಕೆಜಿ ಹತ್ತಿರ ತೂಗುವ ಪ್ಯಾನೆಲ್ ಆರು! ಅಂಗಳದಲ್ಲಿ ಅಡಿಕೆ ಒಣಗಬೇಕು, ಅಲ್ಲಿ ನೆರಳು ಬೀಳುವ ಹಾಗಿಲ್ಲ. ಉಳಿದದ್ದು ಕೊಟ್ಟಿಗೆಯ ತಗಡಿನ ಮಾಡು. ಅದೃಷ್ಟಕ್ಕೆ ಅದು ದಕ್ಷಿಣಕ್ಕೆ ಇಳಿಜಾರು. ಹಳೆಯ ಪಕಾಸು ಭಾರ ತಡೆಯುವುದಿಲ್ಲ ಅಂತ ಕಬ್ಬಿಣದ ಪೈಪ್ ಕೊಟ್ಟು ಗಟ್ಟಿ ಮಾಡಿಸಿದೆವು. ಅದಕ್ಕೆ 14,000.

ಆಮೇಲೆ ಹಲಸಿನ ಮರ. ಕೊಟ್ಟಿಗೆಯ ನೈರುತ್ಯಕ್ಕೆ ಇರುವ ಮರದ ನೆರಳು ಮಧ್ಯಾಹ್ನ ಮೂರರ ಮೇಲೆ ಎರಡು ಪ್ಯಾನೆಲ್ ಮೇಲೆ ಬೀಳುತ್ತದೆ. ಎರಡೇ ಅಲ್ವಾ ಅಂದೆ. ಕೆಲಸಕ್ಕೆ ಬಂದ ಹುಡುಗ ಹೇಳಿದ, ಎಲ್ಲ ಪ್ಯಾನೆಲ್ ಒಂದೇ ಸಾಲಿನಲ್ಲಿ ಪೋಣಿಸಿರುತ್ತೇವೆ ಸರ್, ಒಂದು ಮಂಕಾದರೆ ಉಳಿದದ್ದನ್ನೂ ಎಳೆಯುತ್ತದೆ ಅಂತ. ನೀರಿನ ಪೈಪನ್ನು ಒಂದು ಕಡೆ ತುಳಿದ ಹಾಗೆ. ಮರ ಕಡಿಯುವ ಮಾತು ಅಮ್ಮನ ಕಿವಿಗೆ ಬಿತ್ತು.

"ಬಿಸಿಲು ಹಿಡಿಯೋಕೆ ಹಲಸಿನ ಮರ ಕಡೀತೀರಾ? ನನ್ನ ಅತ್ತೆ ನೆಟ್ಟ ಮರ ಅದು. ನೀನು ತಿಂದ ಹಪ್ಪಳ ಎಲ್ಲಿಂದ ಬಂತು ಅಂದ್ಕೊಂಡಿದೀಯ?"

ಎರಡು ಕೊಂಬೆ ಸವರಿ ಬಿಟ್ಟೆವು. ಈಗಲೂ ಮೂರೂವರೆ ಆಗುತ್ತಿದ್ದ ಹಾಗೆ ಮೊಬೈಲ್ ಆ್ಯಪ್‌ನಲ್ಲಿ ಗೆರೆ ಕುಸಿಯುವುದು ಕಾಣುತ್ತದೆ. ಹಪ್ಪಳ ಬರುತ್ತಿದೆ.

ಕೂರಿಸುವ ಕೆಲಸ ಎರಡೇ ದಿನ. ಅರ್ಥಿಂಗ್ ಗುಂಡಿ ಮೂರು ತೋಡಿದರು, ಒಂದು ಪ್ಯಾನೆಲ್ ಕಡೆಗೆ, ಒಂದು ಮನೆ ಕಡೆಗೆ, ಒಂದು ಸಿಡಿಲು ತಡೆಯುವ ಕಂಬಿಗೆ. ಮಲೆನಾಡಿನಲ್ಲಿ ಆ ಮೂರನೆಯದರಲ್ಲಿ ಕಂಜೂಸಿ ಮಾಡಬಾರದು. ನಾವು ಲೈನಿನಿಂದ ಕೊಂಡದ್ದು, ಬಳಸಿ ಉಳಿದು ಲೈನಿಗೆ ಕೊಟ್ಟದ್ದು ಎರಡನ್ನೂ ಎಣಿಸುವ, ಎರಡೂ ಕಡೆ ಓಡುವ ಮೀಟರ್ ಹಾಕಿ 2025ರ ಮಾರ್ಚ್ 22ಕ್ಕೆ ಚಾಲು ಆಯಿತು. ಸಬ್ಸಿಡಿಯ 78,000 ಅಪ್ಪಯ್ಯನ ಖಾತೆಗೆ ಏಪ್ರಿಲ್‌ನಲ್ಲೇ ಬಂತು. ಅವನು ಮೊಬೈಲ್ ಮೆಸೇಜನ್ನು ವಾರಗಟ್ಟಲೆ ಬಂದವರಿಗೆಲ್ಲ ತೋರಿಸಿದ. ಸೆಪ್ಟೆಂಬರ್‌ನಲ್ಲಿ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು. ನಮ್ಮದು ಆಗಲೇ ಮುಗಿದಿತ್ತು. ಇರಲಿ.

ಏಪ್ರಿಲ್‌ನಲ್ಲಿ 378 ಯೂನಿಟ್ ಬಂತು. ನಮ್ಮ ಬಳಕೆ 225. ಬಿಲ್ ನೂರರೊಳಗೆ. ದಿನಕ್ಕೆ ಹತ್ತು ಸಲ ಆ್ಯಪ್ ನೋಡುತ್ತಿದ್ದೆ.

ಮೇ ಎರಡನೆಯ ವಾರ ರಾತ್ರಿ ಗುಡುಗು ಗಾಳಿ. ಎಲ್ಲೋ ಮರ ಬಿತ್ತು, ಕರೆಂಟ್ ಹೋಯಿತು. ನಾನು ನಿಶ್ಚಿಂತೆಯಿಂದ ಮಲಗಿದೆ, ಬೆಳಿಗ್ಗೆ ಬಿಸಿಲು ಬಂದರೆ ಆಯಿತಲ್ಲ ಅಂತ. ಬೆಳಿಗ್ಗೆ ತೊಳೆದಿಟ್ಟ ಹಾಗೆ ಬಿಸಿಲು ಬಂತು. ಒಂಬತ್ತೂವರೆಗೆ ನನಗೆ ಮೀಟಿಂಗ್. ಸ್ವಿಚ್ ಹಾಕಿದರೆ ಫ್ಯಾನ್ ತಿರುಗಲಿಲ್ಲ. ಕೊಟ್ಟಿಗೆಗೆ ಓಡಿ ನೋಡಿದರೆ ಇನ್ವರ್ಟರ್ ಮೇಲೆ ಕೆಂಪು ದೀಪ. ಮೇಲೆ ಆರು ಪ್ಯಾನೆಲ್ ಬಿಸಿಲಿಗೆ ಫಳಫಳ ಅನ್ನುತ್ತಿವೆ. ಒಂದು ಬಲ್ಬ್ ಉರಿಸಲೂ ಪ್ರಯೋಜನವಿಲ್ಲ. ಅಪ್ಪಯ್ಯ ಎಲೆ ಅಡಿಕೆ ಹಾಕಿಕೊಂಡು ಬಂದು ಸ್ವಲ್ಪ ಹೊತ್ತು ನಿಂತ.

"ಇದೆಂತ ಸೋಲಾರ್ ಮಾರಾಯ? ಕರೆಂಟ್ ಇದ್ರೆ ಮಾತ್ರ ಕರೆಂಟ್ ಕೊಡ್ತದಾ?"

ಹತ್ತೂವರೆಗೆ ಲೈನ್‌ಮನ್ ಬಂದ. ಅವನಿಗೆ ಮಜ್ಜಿಗೆ ಕೊಟ್ಟು ಇದನ್ನೇ ಕೇಳಿದೆ. "ಸರ್, ಲೈನ್ ಬಂದ್ ಮಾಡಿ ನಾನು ಕಂಬ ಹತ್ತಿರ್ತೀನಿ. ನಿಮ್ಮನೆ ಸೋಲಾರ್ ಕರೆಂಟ್ ಲೈನಿಗೆ ಬಂದ್ರೆ ನನ್ನ ಗತಿ ಏನು?" ಅಂದ. ಅದಕ್ಕೇ ಗ್ರಿಡ್, ಅಂದರೆ ಹೊರಗಿನ ಲೈನ್, ಹೋದ ಕೂಡಲೇ ಇನ್ವರ್ಟರ್ ತಾನಾಗೇ ನಿಲ್ಲುವಂತೆ ಮಾಡಿರುತ್ತಾರೆ. ಅವನ ಮಜ್ಜಿಗೆ ಲೋಟ ನೋಡುತ್ತಾ ನನಗೆ ವಾದ ಮಾಡಲು ಏನೂ ಉಳಿಯಲಿಲ್ಲ.

ಹಾಕಿಸಿದವರಿಗೆ ಫೋನ್ ಮಾಡಿದೆ. "ಹೈಬ್ರಿಡ್ ರೆಡಿ ಅಂತ ಬರೆದಿದ್ವಲ್ಲ ಸರ್. ಬ್ಯಾಟರಿ ಹಾಕಿದ್ರೆ ಹೈಬ್ರಿಡ್." ಹೌದು, ಬರೆದಿದ್ದರು. ರೆಡಿ ಅಂದರೆ ಇನ್ನೂ ಆಗಿಲ್ಲ ಅಂತ ನಾನು ಓದಿಕೊಳ್ಳಬೇಕಿತ್ತು. ಅವರೂ ಮೊದಲೇ ಬಾಯಿ ಬಿಟ್ಟು ಹೇಳಬಹುದಿತ್ತು, ನಾನು ಕರೆಂಟ್ ಹೋಗುವ ಕತೆಯನ್ನು ಅವರ ಮುಂದೆ ಅಷ್ಟು ಸಲ ಹೇಳಿಕೊಂಡಿದ್ದೆ. 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ವೈರಿಂಗ್ ಸೇರಿ 1,05,000. ಬ್ಯಾಟರಿಗೆ ಸಬ್ಸಿಡಿ ಇಲ್ಲ. ಜೂನ್ 11ಕ್ಕೆ ಹಾಕಿಸಿದೆ. ದೀಪ, ಫ್ಯಾನ್, ವೈಫೈ, ಲ್ಯಾಪ್‌ಟಾಪ್ ಮಾತ್ರ ಅದರ ಲೈನಿಗೆ.

ಜುಲೈನಲ್ಲಿ ಇಡೀ ತಿಂಗಳಿಗೆ ಬಂದದ್ದು 118 ಯೂನಿಟ್. ದಿನಕ್ಕೆ ನಾಲ್ಕೂ ಇಲ್ಲ. ಬಿಲ್ 1,190. ಏಪ್ರಿಲ್‌ನಲ್ಲಿ ಉಳಿದದ್ದನ್ನು ಜುಲೈಗೆ ತಂದುಕೊಳ್ಳುವ ಹಾಗಿಲ್ಲ. ಆಯಾ ತಿಂಗಳ ಲೆಕ್ಕ ಆಯಾ ತಿಂಗಳೇ ಚುಕ್ತಾ. ಆ ವರ್ಷ ನಾವು ಕೊಂಡದ್ದಕ್ಕೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ ಇತ್ತು, ಮೇಲೆ ಸರ್‌ಚಾರ್ಜ್, ತೆರಿಗೆ. ನಾವು ಕೊಟ್ಟ ಹೆಚ್ಚುವರಿಗೆ ಸಿಕ್ಕಿದ್ದು 3 ರೂಪಾಯಿಗಿಂತ ಕಡಿಮೆ. ಆ ತಿಂಗಳ ಕೊನೆಗೆ ಮೂರು ದಿನ ಲೈನ್ ಇರಲಿಲ್ಲ. ಎರಡನೆಯ ದಿನ ಸಂಜೆ ಬ್ಯಾಟರಿ ಶೇ. 12ಕ್ಕೆ ಇಳಿಯಿತು. ಮೋಡ ನೆಲಕ್ಕೆ ತಾಗಿ ಕೂತಿತ್ತು. ಲಕ್ಷದ ಬ್ಯಾಟರಿಯನ್ನು ತುಂಬುವುದಕ್ಕೆ ಬಿಸಿಲೇ ಇಲ್ಲ.

ಮೂರನೆಯ ದಿನ ಅಪ್ಪಯ್ಯ ಅಟ್ಟ ಹತ್ತಿ ಗೋಣಿಚೀಲ ಸುತ್ತಿದ ಒಂದು ಗಂಟು ಇಳಿಸಿದ. ಒಳಗೆ ಹಳೆಯ ಟರ್ಬೈನ್. 2006ರಲ್ಲಿ ಸರ್ಕಾರದ ಸಬ್ಸಿಡಿಯಲ್ಲಿ ಹಾಕಿಸಿದ್ದು, ಎಂಟು ವರ್ಷ ಓಡಿಸಿ ಆಮೇಲೆ ಬಿಟ್ಟದ್ದು. ಮಲೆನಾಡಿನಲ್ಲಿ ಹೀಗೆ ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕಟ್ಟಿದ ಮನೆಗಳು ಬೇಕಾದಷ್ಟಿವೆ. ಕರೆಂಟ್ ಸ್ವಲ್ಪ ಸುಧಾರಿಸಿದ ಮೇಲೆ ಹಲವರು ಅಟ್ಟಕ್ಕೆ ಹಾಕಿದರು.

"ಸೂರ್ಯ ಇಲ್ದಾಗ ಹಳ್ಳ ಇರ್ತದೆ, ಹಳ್ಳ ಇಲ್ದಾಗ ಸೂರ್ಯ. ನೀ ಒಂದನ್ನೇ ನೋಡ್ದೆ" ಅಂದ. ಅಷ್ಟು ದಿನ ಯಾಕೆ ಸುಮ್ಮನಿದ್ದ ಅಂತ ಕೇಳಿದ್ದಕ್ಕೆ, "ನೀ ಕೇಳ್ಲಿಲ್ಲ" ಅಂದ.

ಮನೆ ಮೇಲಿನ ಹಳ್ಳಕ್ಕೆ ಹೋಗಿ ಪೈಪಿನ ಬಾಯಿಗೆ 20 ಲೀಟರ್ ಬಕೆಟ್ ಹಿಡಿದೆವು. ಎರಡೂವರೆ ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 8 ಲೀಟರ್. ಎತ್ತರ ಅರವತ್ತು ಅಡಿ. ಲೆಕ್ಕ ಹಾಕಿದರೆ ನೀರಿನ ಶಕ್ತಿ 1,400 ವ್ಯಾಟ್. ಪೈಪ್, ಟರ್ಬೈನ್, ಜನರೇಟರ್ ಎಲ್ಲ ತಿಂದು ಅರ್ಧ ಉಳಿದರೂ 700 ವ್ಯಾಟ್. 700 ಅಂದರೆ ನಗಬೇಡಿ. ಹಳ್ಳಕ್ಕೆ ರಾತ್ರಿ ಇಲ್ಲ. ದಿನಕ್ಕೆ ಹದಿನಾರು ಯೂನಿಟ್! ನನ್ನ ಎರಡು ಲಕ್ಷದ ಪ್ಯಾನೆಲ್ ಒಳ್ಳೆಯ ಬೇಸಿಗೆಯಲ್ಲೂ ಹದಿಮೂರು ದಾಟಿಲ್ಲ. ನಾಲ್ಕು ಇಂಚಿನ ಪೈಪ್, ಬೇರಿಂಗ್, ಹೊಸ ಕಂಟ್ರೋಲರ್ ಸೇರಿ ಆದ ಖರ್ಚು 31,000. ಆಗಸ್ಟ್ 9ಕ್ಕೆ ದೀಪ ಹತ್ತಿತು. ಟರ್ಬೈನಿಗೆ ಬ್ರೇಕ್ ಇರುವುದಿಲ್ಲ, ನೀರು ಬಂದಷ್ಟೂ ತಿರುಗುತ್ತದೆ. ನಾವು ಬಳಸದೆ ಉಳಿದ ಕರೆಂಟನ್ನು ಎಲ್ಲಾದರೂ ಕಳಿಸಲೇಬೇಕು, ಇಲ್ಲದಿದ್ದರೆ ವೋಲ್ಟೇಜ್ ಏರಿ ಬಲ್ಬ್ ಸುಡುತ್ತದೆ. ಕಂಟ್ರೋಲರ್ ಅದನ್ನು ಬಚ್ಚಲಿನ ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಮಳೆಗಾಲ ಪೂರ್ತಿ ಹಂಡೆಯ ಬದಿಗೆ ಇನ್ನೊಂದು ಡ್ರಮ್ ಬಿಸಿನೀರು. ಅಮ್ಮನಿಗೆ ಇಡೀ ವ್ಯವಸ್ಥೆಯಲ್ಲಿ ಇಷ್ಟವಾದದ್ದು ಇದೊಂದೇ. ಗ್ರಿಡ್ ಲೈನಿಗೂ ಇದಕ್ಕೂ ಸಂಬಂಧ ಇಲ್ಲ, ನಡುವೆ ಚೇಂಜ್ ಓವರ್ ಸ್ವಿಚ್. ಮೊದಲ ವಾರ ವೋಲ್ಟೇಜ್ ಸರಿ ಕೂರದೆ ಒಂದು ವೈಫೈ ಅಡಾಪ್ಟರ್ ಸುಟ್ಟಿತು.

ಸುಲಭ ಅಂತ ತಿಳಿಯಬೇಡಿ. ಪ್ಯಾನೆಲ್‌ಗೆ ವಾರಕ್ಕೊಮ್ಮೆ ನೀರು ಹೊಡೆದರೆ ಮುಗಿಯಿತು. ಹಳ್ಳ ದಿನಾ ಮಾತಾಡಿಸಬೇಕು. ಪೈಪಿನ ಬಾಯಿಯ ಜಾಲರಿಗೆ ಎಲೆ ಕಟ್ಟುತ್ತದೆ, ಮರಳು ತುಂಬುತ್ತದೆ. ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ದೀಪ ಮಂಕಾಗುತ್ತಾ ಬಂತು. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿ ಮುಂದೆ, ನಾನು ರೇನ್‌ಕೋಟಿನಲ್ಲಿ ಹಿಂದೆ. ನಮ್ಮ ಕಡೆ ಹಳಬರು ಟಾರ್ಚಿಗೂ ಬ್ಯಾಟರಿ ಅಂತಲೇ ಹೇಳುವುದು. "ಲಕ್ಷದ ಬ್ಯಾಟರಿ ಇದ್ದೂ ಈ ಬ್ಯಾಟರಿನೇ ಬೇಕಾಯ್ತು ನೋಡು" ಅಂದ. ಜಾಲರಿ ಸರಿ ಇತ್ತು. ವಾಲ್ವ್ ಮುಚ್ಚಿ ಕೆಳಗಿಳಿದು ಟರ್ಬೈನಿನ ನಾಜಲ್ ಬಿಚ್ಚಿದರೆ ಒಳಗೆ ಏಡಿ. ಒಂದು ಕೊಂಡಿ ಹೊರಗೆ, ಮೈ ಒಳಗೆ, ಬಿರಡೆ ಹಾಕಿದ ಹಾಗೆ ಕೂತಿತ್ತು. ಅಡಿಕೆ ಕತ್ತಿಯ ತುದಿಯಿಂದ ಮೆಲ್ಲ ಎಬ್ಬಿಸಿದ ಅಪ್ಪಯ್ಯ. ಅದು ನೀರಿಗೆ ಬಿದ್ದು ಏನೂ ಆಗದವರ ಹಾಗೆ ನಡೆದುಹೋಯಿತು. ಮನೆಗೆ ಬಂದು ನೋಡಿದರೆ ನನ್ನ ಕಾಲಿಗೆ ಏಳು ಉಂಬಳ.

ಗೋಬರ್ ಗ್ಯಾಸ್ ವಿಷಯ ಕೇಳುವವರಿದ್ದಾರೆ. ನಮ್ಮಲ್ಲಿ 1994ರ ದೀನಬಂಧು ಗುಂಡಿ ಇದೆ, ಎರಡು ಘನ ಮೀಟರಿನದು. ಅದಕ್ಕೆ ದಿನಕ್ಕೆ ಸುಮಾರು 50 ಕೆಜಿ ಸಗಣಿ ಬೇಕು. ಆಗ ಕೊಟ್ಟಿಗೆಯಲ್ಲಿ ಒಂಬತ್ತು ಜಾನುವಾರು, ಈಗ ಎರಡು ಹಸು. ಬೆಳಗಿನ ಚಹಾ ತಿಂಡಿಗೆ ಗ್ಯಾಸ್ ಸಾಕಾಗುತ್ತದೆ, ಮಧ್ಯಾಹ್ನಕ್ಕೆ ಸಿಲಿಂಡರ್.

ಈಗ ಒಂದು ವರ್ಷದ ಲೆಕ್ಕ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಪ್ಯಾನೆಲ್‌ಗಳು ಕೊಟ್ಟದ್ದು 3,446 ಯೂನಿಟ್. ಮಳೆ ಕಡಿಮೆ ಇರುವ ಕಡೆ ಇಷ್ಟೇ ಪ್ಯಾನೆಲ್ ಇನ್ನೂ ಸಾವಿರಕ್ಕೂ ಜಾಸ್ತಿ ಕೊಡುತ್ತಿತ್ತು. ಸಬ್ಸಿಡಿ ಕಳೆದು, ಕೊಟ್ಟಿಗೆ ಮಾಡು, ಹೆಸರು ಬದಲಾವಣೆ ಎಲ್ಲ ಸೇರಿ ನಮ್ಮ ಕೈಯಿಂದ ಹೋದದ್ದು 1,54,500. ಹೆಚ್ಚಾದ ನಿಗದಿತ ಶುಲ್ಕ ಕಳೆದರೆ ಉಳಿತಾಯ ವರ್ಷಕ್ಕೆ 16,000ದ ಆಸುಪಾಸು. ಹತ್ತು ವರ್ಷ ಬೇಕು. ಹಾಕಿಸಿದವರು ಹೇಳಿದ್ದು ನಾಲ್ಕು. ಬ್ಯಾಟರಿ ಸೇರಿಸಿದರೆ ಹದಿನಾರು ವರ್ಷ, ಅಷ್ಟರೊಳಗೆ ಬ್ಯಾಟರಿಯೇ ಬದಲಾಯಿಸಬೇಕಾದೀತು. ಇದೂ ಪೂರ್ತಿ ಬಿಲ್ ಕಟ್ಟುವವರ ಲೆಕ್ಕ. ತಿಂಗಳಿಗೆ 100 ಯೂನಿಟ್ ಬಳಸಿ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಪಡೆಯುವವರು ಕೇಳಿದರೆ ನಾನು ಸೋಲಾರ್ ಬೇಡ ಅನ್ನುತ್ತೇನೆ. ಹಗಲು ಹೊತ್ತು ಎಸಿ, ಮೋಟಾರು ಅಂತ 400 ಯೂನಿಟ್ ಉರಿಸುವ ಪೇಟೆಯ ಮನೆಯವರು ಕೇಳಿದರೆ ಕಣ್ಣು ಮುಚ್ಚಿ ಹಾಕಿಸಿ ಅನ್ನುತ್ತೇನೆ, ಬ್ಯಾಟರಿ ಬಿಟ್ಟು.

ನನ್ನ ಬ್ಯಾಟರಿ ದಂಡವೇ? ಕಳೆದ ವರ್ಷ ಕರೆಂಟ್ ಹೋದ ಕಾರಣಕ್ಕೆ ಸಾಗರಕ್ಕೆ ಹೋಗಿ ಯಾರದ್ದೋ ಅಂಗಡಿಯಲ್ಲಿ ಕೂತು ಕೆಲಸ ಮಾಡಿದ್ದು ಆಗಸ್ಟ್ ನಂತರ ಒಂದು ದಿನವೂ ಇಲ್ಲ. ಅದಕ್ಕೆ ಮೊದಲಿನ ವರ್ಷ ಹತ್ತೊಂಬತ್ತು ದಿನ ಹೋಗಿದ್ದೆ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಅಂತ ಗೊತ್ತಾಗದೆ ಬಿಟ್ಟಿದ್ದೇನೆ.

ಹಳ್ಳ ಜನವರಿಗೇ ಸಣ್ಣಗಾಯಿತು. ಟರ್ಬೈನ್ ಬಿಚ್ಚಿ, ಗ್ರೀಸ್ ಹಚ್ಚಿ, ಅದೇ ಗೋಣಿಚೀಲದಲ್ಲಿ ಸುತ್ತಿ ಇಟ್ಟಿದ್ದೇವೆ. ಈ ಸಲ ಅಟ್ಟಕ್ಕಲ್ಲ, ಕೊಟ್ಟಿಗೆಯ ಬಾಗಿಲ ಹಿಂದೆ. ಮೇ ತಿಂಗಳೊಳಗೆ ಪೈಪಿನ ಬಾಯಿಗೆ ಇನ್ನೂ ಸಣ್ಣ ಕಣ್ಣಿನ ಜಾಲರಿ ಹಾಕಬೇಕು. ಎಷ್ಟು ಸಣ್ಣ ಅಂತ ಅಪ್ಪಯ್ಯ ಹೆಬ್ಬೆರಳಿನ ಉಗುರು ತೋರಿಸಿದ್ದಾನೆ. ಅದಕ್ಕಿಂತ ಸಣ್ಣದಾದರೆ ಎಲೆ ಬೇಗ ಕಟ್ಟುತ್ತದೆ, ದೊಡ್ಡದಾದರೆ ಏಡಿ.